ಮಾವನವರಿಗೆ ಯೂರೋಪಿನ ರೈಲು ಟಿಕೆಟ್ಟು ಮಾಡಿಸಿದ್ದು

ಭೂಗೋಳ ಪಾಠ ಹೇಳುವವನಿಗೆ ಲೋಕದಲ್ಲಿ ಗೊತ್ತಿಲ್ಲದ ದಾರಿ ಅಂತ ಒಂದಿರುವುದಿಲ್ಲ. ಹೀಗೆಂದು ನಾನು ಬಹಳ ಗಟ್ಟಿಯಾಗಿ ನಂಬಿದ್ದೆ. ಹಲಸೂರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಯೂರೋಪು ಖಂಡ ನನ್ನ ವಶದಲ್ಲಿತ್ತು. ಆಲ್ಪ್ಸ್ ಪರ್ವತವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹತ್ತಿ ಇಳಿದಿದ್ದೆನೆಂದರೆ, ಕೇಳುವ ಮಕ್ಕಳಿಗೇ ಏದುಸಿರು ಬರುತ್ತಿತ್ತು. ನಿಜವಾಗಿ ನಾನು ಹತ್ತಿದ್ದ ದೊಡ್ಡ ಬೆಟ್ಟ ಒಂದೇ, ನಂದಿ. ಅದನ್ನೂ ಅರ್ಧ!

ಸ್ವಾತಂತ್ರ್ಯ ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನನ್ನ ಮಾವನವರು ದೊಡ್ಡನೆಕ್ಕುಂದಿಯ ಚಿಕ್ಕಮುನಿಯಪ್ಪನವರು. ಯುದ್ಧದ ಕಾಲದಲ್ಲಿ ದಂಡಿನ ಮೆಸ್ಸುಗಳಿಗೆ ಹಾಲು, ಹುರುಳಿಕಾಯಿ, ಕೋಸು ಒದಗಿಸಿ ಚೆನ್ನಾಗಿಯೇ ಇದ್ದರು. ಆ ದಿನಗಳಲ್ಲಿ ಮಿಲಿಟರಿಯ ದನದ ಡಾಕ್ಟರೊಬ್ಬ, ಇಂಗ್ಲೆಂಡಿನವನು, ಅವರಿಗೆ ಬಹಳ ಸ್ನೇಹವಾಗಿದ್ದ. ಊರಿಗೆ ವಾಪಸು ಹೋಗುವಾಗ ಸ್ವಿಟ್ಜರ್‌ಲೆಂಡಿನ ಹಸುವಿನ ಚಿತ್ರವಿದ್ದ ಒಂದು ಕ್ಯಾಲೆಂಡರು ಕೊಟ್ಟು, 'ಮುನಿಯಪ್ಪಾ, ಒಂದು ಸಲ ಬಾ' ಎಂದು ಹೇಳಿ ಹೋಗಿದ್ದ. ಕ್ಯಾಲೆಂಡರಿನ ವರ್ಷ ಮುಗಿದರೂ ಹಸು ದೇವರ ಪಟಗಳ ಸಾಲಿನಲ್ಲೇ ಉಳಿಯಿತು. ಶುಕ್ರವಾರ ಅದಕ್ಕೂ ಕುಂಕುಮ!

ಸಂಕ್ರಾಂತಿಗೆ ನಾನು, ನನ್ನ ಹೆಂಡತಿ ಸಾವಿತ್ರಿ ದೊಡ್ಡನೆಕ್ಕುಂದಿಗೆ ಹೋಗಿದ್ದೆವು. ಊಟ ಆಯಿತು. ಮಾವನವರು ಎಲೆ ಅಡಿಕೆ ಹಾಕಿಕೊಂಡು ವಿಷಯ ತೆಗೆದರು.

"ಅಳಿಯಂದ್ರೆ, ಸಾಯೇಬ್ರು ಕಾಗ್ದ ಬರ್ದವ್ರೆ. ಬ್ಯಾಸ್ಗೇಲಿ ಬಾ ಅಂತ. ಒಂದ್ಸಲ ಹೋಗಿ ಬಂದ್ಬುಡಾನ ಅಂತಿವ್ನಿ. ಆ ಹಸೂನ ಕಣ್ಣಾರೆ ನೋಡ್ಬೇಕು."

ಅಡಿಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಯವರ ದನಿ ಬಂತು. "ಅದೆಲ್ಲೋ ಬಾಗ್ಲತಾವ್ಕೇ ನೀರು ಬರೋ ಊರು ಐತಂತಲ್ಲ, ಅಲ್ಗೂ ಹೋಗೋದಾದ್ರೆ ನಾನೂ ಬತ್ತೀನಿ. ನಲ್ವತ್ತು ವರ್ಸ ಬಾವಿಯಿಂದ ನೀರು ಹೊತ್ತು ಹೊತ್ತು ನನ್ ಸೊಂಟ ಬಿದ್ದೋಯ್ತು. ನೀರೇ ಮನೆ ಮುಂದ್ಕೆ ಬತ್ತದೆ ಅಂದ್ರೆ, ಆ ಊರ ಹೆಂಗಸ್ರ ಪುಣ್ಯ ನೋಡ್ಬೇಕು."

ಆ ಊರಿನ ವಿಷಯ ಅವರಿಗೆ ಹೇಳಿದವನು ನಾನೇ. ಇಟಲಿಯ ವೆನಿಸ್ ನಗರ! ರಸ್ತೆಯ ಬದಲು ನೀರು, ಗಾಡಿಯ ಬದಲು ದೋಣಿ.

"ನೀವೂ ಬನ್ನಿ ಅಳಿಯಂದ್ರೆ," ಅಂದರು ಮಾವನವರು. "ನಮ್ಗೆ ಇಂಗ್ಲೀಸು ಬರಾಕಿಲ್ಲ. ಟಿಕೀಟು, ರೈಲು ಎಲ್ಲಾ ನೀವೇ ನೋಡ್ಕಬೇಕು."

ಆಲ್ಪ್ಸ್ ಪರ್ವತ, ನಾನು, ಎದುರುಬದುರು! ಸಾವಿತ್ರಿ ಮದುವೆಗೆ ಮುಂಚೆ ಶಿವಾಜಿನಗರದ ಕಡೆ ಅವಳ ಸೋದರಮಾವನ ಮನೆಯಲ್ಲಿದ್ದು ಕಾನ್ವೆಂಟಿನಲ್ಲಿ ಓದಿದವಳು, ನನಗಿಂತ ಸಲೀಸಾಗಿ ಇಂಗ್ಲಿಷು ಮಾತಾಡುತ್ತಿದ್ದಳು. ಆ ವಿಷಯ ಅಂದು ಯಾರಿಗೂ ನೆನಪಾಗಲಿಲ್ಲ. ನನಗಂತೂ ಇಲ್ಲವೇ ಇಲ್ಲ.

ಮನೆಗೆ ಬರುವಾಗ ಜಟಕಾದಲ್ಲಿ ಅವಳು ಒಂದೇ ಮಾತು ಹೇಳಿದಳು. "ರೀ, ಆಫೀಸಿನವರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಕೇಳದೆ ಇದ್ದದ್ದು ಹೇಳಕ್ಕೆ ಹೋಗ್ಬೇಡಿ."

"ನೋಡು, ಯೂರೋಪು ನನಗೆ ಬಿಡು," ಅಂದೆ.

ಸೌತ್ ಪೆರೇಡ್ ರಸ್ತೆಯಲ್ಲಿ ಹಡಗು, ಪರದೇಶದ ರೈಲು ಎಲ್ಲಕ್ಕೂ ಟಿಕೆಟ್ಟು ಮಾಡಿಸಿಕೊಡುವ ಒಂದು ಆಫೀಸಿತ್ತು. ಅಲ್ಲಿ ಕೂತಿದ್ದವರು ಕುಕ್ ಟೌನಿನ ಮಿಸ್ ಡೋರಿನ್. ಬೆಳ್ಳಿ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ, ಬಹಳ ತಾಳ್ಮೆಯ ಹೆಂಗಸು. ತಾಳ್ಮೆ ಎಷ್ಟೆಂಬುದು ನನ್ನಿಂದಲೇ ಪರೀಕ್ಷೆಯಾಯಿತು. ಬೊಂಬಾಯಿಯಿಂದ ಹಡಗಿನಲ್ಲಿ ಇಟಲಿಯ ಜಿನೋವಾ, ಅಲ್ಲಿಂದ ರೈಲಿನಲ್ಲಿ ವೆನಿಸ್, ಮಿಲಾನ್, ಸ್ವಿಟ್ಜರ್‌ಲೆಂಡ್, ಪ್ಯಾರಿಸ್, ಕೊನೆಗೆ ಲಂಡನ್. ಲಂಡನ್ನಿನಿಂದ ವಾಪಸು ಹಡಗು. ಇಷ್ಟನ್ನು ಬಾಯಲ್ಲಿ ಹೇಳಿ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಅವರು ರೈಲಿಗೊಂದು, ಹಡಗಿಗೊಂದು ಫಾರಂ ಕೊಟ್ಟರು. ಅವುಗಳಲ್ಲಿ ಪ್ರತಿ ಸಾಲೂ ಎರಡು ಭಾಷೆಯಲ್ಲಿತ್ತು. ಮೇಲೆ ಫ್ರೆಂಚು, ಕೆಳಗೆ ಇಂಗ್ಲಿಷು.

"ಮಾಸ್ಟರ್, ಇಂಗ್ಲಿಷಲ್ಲೇ ಫಿಲ್ ಮಾಡಿ. ಸಾಕು," ಅಂದರು ಮಿಸ್ ಡೋರಿನ್.

"ಫ್ರೆಂಚು ನನಗೆ ಪರಿಚಯ ಉಂಟು," ಅಂದೆ.

ಪರಿಚಯ ಆಗಿ ಮೂರು ದಿನವಾಗಿತ್ತು. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ, ಯಾವನೋ ಸೋಲ್ಜರು ಬಿಟ್ಟು ಹೋದ ಅಂಗೈಯಗಲದ ಒಂದು ಫ್ರೆಂಚು ಪುಸ್ತಕ ಸಿಕ್ಕಿತ್ತು. ಅರ್ಧದಷ್ಟು ಪುಟಗಳನ್ನು ಇಲಿ ತಿಂದಿತ್ತು. ಇಲಿ ತಿಂದ ಭಾಗವನ್ನು ನಾನು ಸ್ವಂತ ಬುದ್ಧಿಯಿಂದ ತುಂಬಿಕೊಂಡಿದ್ದೆ.

ಫಾರಂ ಮನೆಗೆ ತಂದು ಕೂತೆ. ವೆನಿಸ್ ಎಂಬುದಕ್ಕೆ ಫ್ರೆಂಚರು ಏನನ್ನುತ್ತಾರೆ? ಇಲಿಯ ಕೃಪೆಯಿಂದ ಪುಸ್ತಕದಲ್ಲಿ ಉಳಿದಿದ್ದ, ಅದನ್ನು ಹೋಲುವ ಹೆಸರು ಒಂದೇ: 'ವಿಯೆನ್'. ಅದೇ ಇರಬೇಕು! ಅಂದವಾದ ಅಕ್ಷರದಲ್ಲಿ ಬರೆದೆ. ಆಮೇಲೆ ಹೆಸರುಗಳ ಹಿಂದೆ ಹಾಕುವ ಗೌರವದ ಪದಗಳು. ಮಾವನವರಿಗೆ 'ಮಸ್ಯೂ'. ಅತ್ತೆಯವರಿಗೆ 'ಮದಾಮ್'. ಅಲ್ಲಿಗೆ ಎರಡೂ ಸರಿ. ನನಗೆ? ಮಾವನವರ ಸಮಕ್ಕೆ ನಾನೂ ಮಸ್ಯೂ ಎಂದು ಹಾಕಿಕೊಳ್ಳುವುದು ಉದ್ಧಟತನ. ಪುಸ್ತಕದಲ್ಲಿ ಮೂರನೆಯದೊಂದು ಪದವಿತ್ತು, 'ಮಾದ್ಮೊಸೆಲ್'. ಅದರ ಮುಂದೆ 'ವಯಸ್ಸಿನಲ್ಲಿ ಚಿಕ್ಕವರಿಗೆ' ಎಂದಷ್ಟೇ ಉಳಿದಿತ್ತು. ಮಿಕ್ಕದ್ದು ಇಲಿಯ ಹೊಟ್ಟೆಯಲ್ಲಿ. ಅಳಿಯನ ವಿನಯಕ್ಕೆ ತಕ್ಕ ಪದವೆಂದು ಅದನ್ನೇ ನನ್ನ ಹೆಸರಿಗೆ ಹಾಕಿದೆ. ರೈಲಿನ ಫಾರಂಗೂ ಅದೇ, ಹಡಗಿನ ಫಾರಂಗೂ ಅದೇ.

ಪ್ರಯಾಣದ ಪಟ್ಟಿಯನ್ನು ಸಾವಿತ್ರಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹನ್ನೆರಡನೇ ತಾರೀಕು ರಾತ್ರಿ ಹತ್ತು ಗಂಟೆಗೆ ಹೊರಟ ರೈಲು, ಹನ್ನೆರಡನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಪ್ಯಾರಿಸ್ ಸೇರತ್ತಾ?"

ನಾನು ಪಟ್ಟಿ ನೋಡಿದೆ. ಹಾಗೆಯೇ ಬರೆದಿದ್ದೆ. ಒಪ್ಪಿಕೊಳ್ಳಬಹುದಿತ್ತು. ಆದರೆ ಹನ್ನೊಂದು ವರ್ಷದ ಸರ್ವಿಸು ಅಡ್ಡ ಬಂತು.

"ಪಶ್ಚಿಮಕ್ಕೆ ಹೋದ ಹಾಗೆ ಸೂರ್ಯ ತಡವಾಗಿ ಹುಟ್ಟುತ್ತಾನೆ ಕಣೆ. ಗಡಿಯಾರ ಹಿಂದೆ ಹೋಗುತ್ತೆ. ರೇಖಾಂಶ ಅಂತ ಒಂದಿದೆ, ನಿನಗೆ ಗೊತ್ತಾಗಲ್ಲ."

"ಹದಿನಾಲ್ಕು ಗಂಟೆ ಹಿಂದೆ ಹೋಗತ್ತಾ?"

"ಯೂರೋಪಿನ ರೈಲು ಬಹಳ ವೇಗ!"

ಅವಳು ಮತ್ತೆ ಅಕ್ಕಿಯ ಕಡೆ ತಿರುಗಿದಳು. ಆ ದಿನ ಮೊರದಲ್ಲಿ ಕಲ್ಲು ಬಹಳ ಸಿಕ್ಕಿತೆಂದು ತೋರುತ್ತದೆ, ಒಂದೊಂದನ್ನೂ ಜೋರಾಗಿ ಎಸೆಯುತ್ತಿದ್ದಳು.

ಆಮೇಲೆ ನನಗೆ ಇನ್ನೊಂದು ಚಿಂತೆ ಹತ್ತಿತು. ಮಿಲಾನ್ ಸ್ಟೇಷನ್ನಿನಲ್ಲಿ ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹತ್ತಲು ಇದ್ದ ಸಮಯ ಹನ್ನೆರಡೇ ನಿಮಿಷ. ವಯಸ್ಸಾದ ಅತ್ತೆ ಮಾವಂದಿರಿಗೆ ಅಭ್ಯಾಸ ಬೇಡವೇ? ಒಂದು ಭಾನುವಾರ ಅವರಿಬ್ಬರನ್ನೂ ದಂಡಿನ, ಅಂದರೆ ಕಂಟೋನ್ಮೆಂಟಿನ, ಸ್ಟೇಷನ್ನಿಗೆ ಕರೆಸಿದೆ. ಮದರಾಸಿನ ಕಡೆ ಹೋಗುವ ಪ್ಯಾಸೆಂಜರು ಹತ್ತುವುದು, ಕೃಷ್ಣರಾಜಪುರದಲ್ಲಿ ಇಳಿಯುವುದು, ಹನ್ನೆರಡು ನಿಮಿಷದೊಳಗೆ ಆಚೆ ಕಡೆ ಸಾಮಾನಿನೊಂದಿಗೆ ನಿಲ್ಲುವುದು, ಎದುರಿನಿಂದ ಬರುವ ರೈಲು ಹತ್ತಿ ವಾಪಸು ಬರುವುದು. ಕೃಷ್ಣರಾಜಪುರವೇ ಮಿಲಾನ್!

ಮಾವನವರು ಒಂದು ಟ್ರಂಕು, ಅತ್ತೆಯವರು ಒಂದು ಗಂಟು ಹಿಡಿದು ಬಂದರು. ಅಭ್ಯಾಸ ನಿಜದ ಹಾಗೇ ಇರಬೇಕೆಂದು ನಾನೇ ಹೇಳಿದ್ದರಿಂದ ಟ್ರಂಕು ತುಂಬ ರಾಗಿ ಹಿಟ್ಟು ತುಂಬಿದ್ದರು.

ರೈಲು ನಿಂತಿತು. "ಇಳೀರಿ! ಓಡಿ! ಹನ್ನೆರಡೇ ನಿಮಿಷ!" ಎಂದು ಕೂಗಿದೆ. ಅವರು ಇಳಿದರು, ನಾನೂ ಇಳಿದೆ. ಇಳಿದ ಮೇಲೆ ನೋಡುತ್ತೇನೆ, ವೇಳಾಪಟ್ಟಿ ಸೀಟಿನ ಮೇಲೇ ಉಳಿದಿದೆ. ಮತ್ತೆ ಹತ್ತಿದೆ. ವೇಳಾಪಟ್ಟಿ ಕೈಗೆ ಸಿಕ್ಕಿತು. ರೈಲು ಹೊರಟಿತು.

ವೈಟ್‌ಫೀಲ್ಡಿನಲ್ಲಿ ಇಳಿದುಬಿಡಬಹುದಾಗಿತ್ತು. ಆದರೆ ಅಷ್ಟರಲ್ಲಿ ಟಿಕೆಟ್ ಪರೀಕ್ಷಕರು ನನ್ನ ತೋಳು ಹಿಡಿದಿದ್ದರು. "ಟಿಕೆಟ್ ಕೃಷ್ಣರಾಜಪುರಕ್ಕಿದೆ. ನೀವು ಎಲ್ಲಿಗ್ರೀ ಹೋಗ್ತಿರೋದು?"

"ಮಿಲಾನಿಗೆ" ಎಂದು ಬಾಯಿ ತಪ್ಪಿ ಬಂತು. ಅವರು ನನ್ನ ಮುಖವನ್ನು ಕರುಣೆಯಿಂದ ನೋಡಿ, ಮಾಲೂರು ಬರುವ ತನಕ ಬಾಗಿಲ ಹತ್ತಿರ ಹೋಗಲು ಬಿಡಲಿಲ್ಲ. ನಾನು ಹಾರಿಬಿಡುತ್ತೇನೆಂದು ಅವರಿಗೆ ಭಯ!

ಇತ್ತ ಅತ್ತೆ ಮಾವ ನಿಧಾನವಾಗಿ ಆಚೆ ಕಡೆ ಹೋಗಿ, ಎಲೆ ಅಡಿಕೆ ಹಾಕಿಕೊಂಡು, ಬಂದ ರೈಲು ಹತ್ತಿ, ಮಧ್ಯಾಹ್ನದೊಳಗೆ ನಮ್ಮ ಮನೆ ಸೇರಿದ್ದರು.

"ಅವರೆಲ್ಲಮ್ಮಾ?" ಎಂದು ಸಾವಿತ್ರಿ ಕೇಳಿದಳಂತೆ.

"ನಮ್ಮನ್ನ ಬುಟ್ಬುಟ್ಟು ಮುಂದ್ಕೋದ್ರು ಕಣವ್ವ," ಅಂದರಂತೆ ಅತ್ತೆಯವರು. "ಯೂರೋಪ್ಗೇ ಇರ್ಬೇಕು."

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಆ ವಾರವೇ ಆಫೀಸಿನಿಂದ ಒಂದು ಕಾಗದ ಬಂತು. 'ತಾವು ಬರೆದಿರುವ ವಿಯೆನ್ ನಗರ ಈಗ ನಾಲ್ಕು ದೇಶಗಳ ಸೈನ್ಯದ ವಶದಲ್ಲಿದೆ. ಅಲ್ಲಿಗೆ ಹೋಗಲು ಸೈನ್ಯಗಳ ಅಪ್ಪಣೆ ಬೇಕು. ತಮ್ಮ ಅಭಿಪ್ರಾಯ ತಿಳಿಸುವುದು.'

ಅಭಿಪ್ರಾಯ ತಿಳಿಸಲು ಸೌತ್ ಪೆರೇಡು ಎಷ್ಟು ದೂರ? ಹಲಸೂರಿನಿಂದ ನಡೆದರೆ ಅರ್ಧ ಗಂಟೆ. ನಾನು ಹೋಗಲಿಲ್ಲ. ಇಟಲಿ ಯುದ್ಧದಲ್ಲಿ ಸೋತ ದೇಶ, ಅದರ ಊರಿನಲ್ಲಿ ಗೆದ್ದವರ ಸೈನ್ಯ ಇರುವುದು ಸಹಜವೇ ಎಂದು ತೀರ್ಮಾನಿಸಿದೆ.

ಮಾವನವರಿಗೆ ಸುದ್ದಿ ಹೇಳಿದಾಗ ಅವರು ತಲೆ ಕೆರೆದುಕೊಂಡರು. "ನೀರು ನೋಡಾಕೆ ನಾಕು ದಂಡಿನ ಅಪ್ಣೆ ಬೇಕಾ ಅಳಿಯಂದ್ರೆ? ನಮ್ಮೂರ ಕೆರೆಗೆ ಒಬ್ಬ ನೀರುಗಂಟಿ ಸಾಕಲ್ಲ!"

"ನೀವು ಯೋಚನೆ ಮಾಡ್ಬೇಡಿ ಮಾವ. ನಾನು ಬರೀತೀನಿ."

ಬರೆದೆ. ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ರಷ್ಯಾ, ನಾಲ್ಕೂ ಸೈನ್ಯದ ದಂಡನಾಯಕರಿಗೆ ಒಂದೊಂದು ಪತ್ರ. ನನ್ನ ಇಂಗ್ಲಿಷಿನ ಸಂಪತ್ತನ್ನೆಲ್ಲ ಅದರಲ್ಲಿ ಸುರಿದೆ. ಅದರ ತಾತ್ಪರ್ಯ ಇಷ್ಟು: 'ಮಹಾಸ್ವಾಮಿ, ನನ್ನ ಅತ್ತೆಯವರು ತಮ್ಮ ವಶದಲ್ಲಿರುವ ಕಾಲುವೆಗಳನ್ನೆಲ್ಲ ಖುದ್ದಾಗಿ ತಪಾಸಣೆ ಮಾಡಲು ಅಪೇಕ್ಷಿಸುತ್ತಾರೆ. ನಾವು ಮೂವರು ಸಂಜೆ ಕತ್ತಲಾಗುವ ಹೊತ್ತಿಗೆ ದೋಣಿಯಲ್ಲಿ ಸದ್ದಿಲ್ಲದೆ ಬರುತ್ತೇವೆ. ಮಾವನವರಿಗೆ ಯುದ್ಧಕಾಲದಲ್ಲಿ ಸೈನ್ಯದೊಂದಿಗೆ ಬಹಳ ವ್ಯವಹಾರವಿತ್ತು. ತಮ್ಮ ಉತ್ತರವನ್ನು ಗೌಪ್ಯವಾಗಿ ನನ್ನ ವಿಳಾಸಕ್ಕೆ ಕಳಿಸಬೇಕಾಗಿ ಪ್ರಾರ್ಥನೆ.' ಗೌಪ್ಯವಾಗಿ ಎಂದು ಏಕೆ ಸೇರಿಸಿದೆನೋ ಕಾಣೆ. ಆ ಪದ ಬರೆಯಲು ಚೆನ್ನಾಗಿತ್ತು.

ಉತ್ತರ ಬಂತು. ವಿಯೆನ್‌ನಿಂದಲ್ಲ. ಒಂದು ಶನಿವಾರ ಬೆಳಿಗ್ಗೆ ಬಿಳಿ ಷರಟು, ಖಾಕಿ ಚಡ್ಡಿ, ದಪ್ಪ ಮೀಸೆಯ ಒಬ್ಬರು ಬಾಗಿಲಲ್ಲಿ ನಿಂತರು. ತಾವು ಗುಪ್ತ ಪೊಲೀಸಿನ ಇನ್ಸ್‌ಪೆಕ್ಟರು ಎಂದರು. ಆಗ ಕಮ್ಯುನಿಸ್ಟರ ಗಲಾಟೆಯ ಕಾಲ. ರಷ್ಯಾ ಎಂಬ ಪದ ಇದ್ದ ಲಕೋಟೆ ಅಂಚೆಯಲ್ಲಿ ಪೊಲೀಸರ ಕಣ್ಣಿಗೆ ಬೀಳದೆ ಹೋದೀತೇ?

"ರಷ್ಯಾ ಸೈನ್ಯಕ್ಕೂ ನಿಮಗೂ ಏನ್ರೀ ಸಂಬಂಧ?"

"ಏನೂ ಇಲ್ಲ ಸಾರ್. ನಮ್ಮ ಅತ್ತೆಯವರಿಗೆ..."

"ನಿಮ್ಮ ಅತ್ತೆ ಯಾವ ಪಾರ್ಟಿ?"

ಸರ್ಕಾರಿ ಕೆಲಸ ಹೋಯಿತೆಂದೇ ಅಂದುಕೊಂಡೆ. ಸಾವಿತ್ರಿ ಎರಡು ಲೋಟ ಕಾಫಿ ತಂದವಳು, ನನ್ನ ಮುಖ ನೋಡಿ ಒಂದನ್ನು ವಾಪಸು ತೆಗೆದುಕೊಂಡು ಹೋದಳು. ಇನ್ಸ್‌ಪೆಕ್ಟರಿಗೆ ಮಾತ್ರ ಕೊಟ್ಟು, ಕಂಬದ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ ನನ್ನ ಶಾಲೆಯ ಭೂಗೋಳ ಪುಸ್ತಕ ತಂದು, ಪುಟ ತಿರುವಿ, ನನ್ನ ಮುಂದೆ ಇಟ್ಟಳು.

"ರೀ, ಆಫೀಸಿನವರ ಕಾಗದದಲ್ಲಿ ವಿಯೆನ್ ಅಂತ ತಾನೇ ಇದ್ದದ್ದು? ಅದು ಆಸ್ಟ್ರಿಯಾ ದೇಶದ ವಿಯೆನ್ನಾ ಅಲ್ವಾ? ಇಲ್ಲಿ ನೋಡಿ. ಇದರ ಹತ್ತಿರ ಸಮುದ್ರ ಎಲ್ಲಿದೆ?"

ನೋಡಿದೆ. ಸಮುದ್ರ ಇರಲಿಲ್ಲ. ಇನ್ನೂ ಹತ್ತಿರ ಹಿಡಿದು ನೋಡಿದೆ. ಆಗಲೂ ಇರಲಿಲ್ಲ.

"ಅಮ್ಮ ನೋಡಬೇಕು ಅಂದದ್ದು ವೆನಿಸ್. ಇದು," ಎಂದು ಅವಳು ಇಟಲಿಯ ಮೇಲೆ ಬೆರಳಿಟ್ಟಳು. ಇನ್ಸ್‌ಪೆಕ್ಟರ ಕಡೆ ತಿರುಗಿ, ಅಚ್ಚ ಇಂಗ್ಲಿಷಿನಲ್ಲಿ, ಬಾವಿ, ಸೊಂಟ, ಹಸು, ದನದ ಡಾಕ್ಟರು, ಇಲಿ ತಿಂದ ಪುಸ್ತಕ, ಎಲ್ಲವನ್ನೂ ಐದು ನಿಮಿಷದಲ್ಲಿ ವಿವರಿಸಿದಳು. ಇನ್ಸ್‌ಪೆಕ್ಟರು ಮೊದಲು ಮೀಸೆಯನ್ನು ಬಿಗಿಹಿಡಿದರು. ಆಮೇಲೆ ಹಿಡಿಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ, "ಅಮ್ಮಾ, ಇನ್ನೊಂದು ಲೋಟ ಕಾಫಿ ಕೊಡಿ" ಅಂದರು.

"ಇವರು ಏನು ಪಾಠ ಮಾಡೋದು?" ಎಂದು ಹೋಗುವಾಗ ಕೇಳಿದರು.

"ಭೂಗೋಳ," ಅಂದಳು ಸಾವಿತ್ರಿ. ಆ ಪದವನ್ನು ಅಷ್ಟು ಮೆಲ್ಲಗೆ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಕೆಲಸ ಉಳಿಯಿತು. ಅತ್ತೆ ಮಾವನವರ ಪಾಸ್‌ಪೋರ್ಟೂ ಬಂತು. ಆದರೆ ನಾಲ್ಕು ಸೈನ್ಯಕ್ಕೆ ಪತ್ರ ಬರೆದವನ ಪಾಸ್‌ಪೋರ್ಟು ಅಷ್ಟು ಸುಲಭವಾಗಿ ಕೈಗೆ ಬರುತ್ತದೆಯೇ? ವಿಚಾರಣೆ ಮುಗಿಯಲು ಆರು ತಿಂಗಳಾದರೂ ಬೇಕು ಎಂದು ಉತ್ತರ ಬಂತು. ಹಡಗು ಹೊರಡಲು ಉಳಿದಿದ್ದದ್ದು ಏಳು ವಾರ.

ಸೌತ್ ಪೆರೇಡಿಗೆ ಈ ಸಲ ಎಲ್ಲರೂ ಹೋದೆವು. ಮಿಸ್ ಡೋರಿನ್ ವಿಯೆನ್ನಾ ಹೊಡೆದುಹಾಕಿ ವೆನಿಸ್ ಬರೆದರು. ಹನ್ನೆರಡನೇ ತಾರೀಕನ್ನು ಹದಿಮೂರು ಮಾಡಿದರು. ಕೊನೆಗೆ ಕನ್ನಡಕ ತೆಗೆದು ಕೇಳಿದರು.

"ಮಾಸ್ಟರ್, ನಿಮ್ದು ಟಿಕೆಟ್ ಕ್ಯಾನ್ಸಲ್ ಮಾಡ್ಬೇಕಾ? ಅದು ಹೇಗಿದ್ದರೂ ನಿಮಗೆ ಆಗ್ತಾ ಇರಲಿಲ್ಲ. ರೈಲಲ್ಲಿ ಲೇಡೀಸ್ ಬರ್ತ್, ಹಡಗಲ್ಲಿ ಲೇಡೀಸ್ ಕ್ಯಾಬಿನ್ ಬುಕ್ ಆಗಿದೆ."

"ಲೇಡೀಸಾ? ಯಾಕೆ?"

"ನೀವೇ ಬರೆದದ್ದು. ಮಾದ್ಮೊಸೆಲ್. ಹಾಗಂದ್ರೆ ಮದುವೆಯಾಗದ ಹುಡುಗಿ."

ಆಫೀಸಿನಲ್ಲಿದ್ದ ಜವಾನನಿಂದ ಹಿಡಿದು ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮೀಸೆಯ ಕಡೆ ಎಂದರೆ ಇನ್ನೂ ಸರಿ. ಮಾವನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸಾವಿತ್ರಿ ಕನ್ನಡದಲ್ಲಿ ಹೇಳಿದ ಮೇಲೆ ಅವರು ಛತ್ರಿಯ ಮೇಲೆ ಭಾರ ಬಿಟ್ಟು ಯೋಚಿಸಿದರು. ಅವರು ವ್ಯವಹಾರಸ್ಥರು. ಇದ್ದದ್ದನ್ನು ವ್ಯರ್ಥ ಮಾಡುವವರಲ್ಲ.

"ಹೆಂಗಸ್ರ ಜಾಗ ಅಂತ ಐತಲ್ಲ. ಹೆಂಗಿದ್ರೂ ನಮ್ ಸಾವಿತ್ರಿಗೆ ಇಂಗ್ಲೀಸು ಬತ್ತದೆ. ಅವ್ಳೇ ಬರ್ಲಿ."

ಎಲ್ಲರೂ ನನ್ನ ಮುಖ ನೋಡಿದರು. ಆ ಆಲ್ಪ್ಸ್, ಆ ಹಿಮ, ಹನ್ನೊಂದು ವರ್ಷ! ಸಾವಿತ್ರಿ ಮೆಲ್ಲಗೆ, "ಬೇಡ ಅಪ್ಪ, ಅವರಿಲ್ಲದೆ ನಾನು ಹ್ಯಾಗೆ..." ಎಂದಳು. ಅವಳ ಕಣ್ಣು ಮಾತ್ರ ಮಿಸ್ ಡೋರಿನ್‌ರ ಹಿಂದೆ ಗೋಡೆಗೆ ಅಂಟಿಸಿದ್ದ ಹಡಗಿನ ಚಿತ್ರದ ಮೇಲಿತ್ತು. ಎಂಟು ವರ್ಷ ಸಂಸಾರ ಮಾಡಿದ್ದರೂ ಆ ಮುಖವನ್ನು ನಾನು ನೋಡಿರಲಿಲ್ಲ.

"ಹೋಗಿ ಬಾ," ಅಂದೆ. ಇಡೀ ಈ ಪ್ರಕರಣದಲ್ಲಿ ನಾನು ಸರಿಯಾಗಿ ಬಳಸಿದ ಎರಡು ಪದಗಳು ಅವು.

ಅವಳ ಪಾಸ್‌ಪೋರ್ಟು ಮೂರೇ ವಾರದಲ್ಲಿ ಬಂತು. ಒಳ್ಳೆಯ ನಡತೆಯವರೆಂದು ಶಿಫಾರಸು ಬರೆದವರು ಆ ಇನ್ಸ್‌ಪೆಕ್ಟರೇ!

ಏಪ್ರಿಲಿನಲ್ಲಿ ಅವರು ಹೊರಟರು. ಬೇಸಿಗೆ ರಜವನ್ನು ನಾನು ದೊಡ್ಡನೆಕ್ಕುಂದಿಯಲ್ಲಿ ಕಳೆದೆ. ಹದಿನಾಲ್ಕು ಹಸು, ಆರು ಎಮ್ಮೆ ಮಾವನವರಿಲ್ಲದಾಗ ನನ್ನ ಸುಪರ್ದಿಗೆ ಬಂದಿದ್ದವು. ಒಂದಕ್ಕೂ ಫ್ರೆಂಚು ಬರುತ್ತಿರಲಿಲ್ಲ. ಕನ್ನಡವನ್ನೂ ನನ್ನ ಬಾಯಿಂದ ಬಂದರೆ ಕೇಳುತ್ತಿರಲಿಲ್ಲ. ಸಾವಿತ್ರಿ ಊರೂರಿಂದ ಕಾರ್ಡು ಬರೆದಳು. ವೆನಿಸ್ಸಿನಲ್ಲಿ ಅತ್ತೆಯವರು ನೀರಿಗೆ ಕೈ ಅದ್ದಿ ಬಾಯಿಗಿಟ್ಟು, 'ಥೂ, ಉಪ್ಪು! ಕುಡಿಯೋ ನೀರು ಇವರೂ ಹೊತ್ತೇ ತರ್ಬೇಕು, ಪಾಪ' ಎಂದರಂತೆ. ಸ್ವಿಟ್ಜರ್‌ಲೆಂಡಿನಲ್ಲಿ ಮಾವನವರು ಒಂದು ಹಸುವಿನ ಕೆಚ್ಚಲು ಮುಟ್ಟಿ ನೋಡಿ, ರೈತನ ಕೈ ಹಿಡಿದುಕೊಂಡು ಒಂದು ಗಂಟೆ ಮಾತಾಡಿದರಂತೆ. ಅವರು ಕನ್ನಡದಲ್ಲಿ, ಅವನು ಅವನ ಭಾಷೆಯಲ್ಲಿ. ಮಿಲಾನಿನಲ್ಲಿ ರೈಲು ಬದಲಾಯಿಸಿದ್ದರ ಬಗ್ಗೆ ಒಂದೇ ಸಾಲು ಬರೆದಿದ್ದಳು: 'ಕಷ್ಟವಾಗಲಿಲ್ಲ.'

ಜುಲೈನಲ್ಲಿ ಅವರು ಸುಖವಾಗಿ ವಾಪಸು ಬಂದರು. ಸುದ್ದಿ ಹಲಸೂರೆಲ್ಲ ಹಬ್ಬಿ, ನಮ್ಮ ಹೆಡ್‌ಮಾಸ್ಟರು ಶಾಲೆಯ ಸಭಾಂಗಣದಲ್ಲಿ ಸಾವಿತ್ರಿಯ ಉಪನ್ಯಾಸ ಏರ್ಪಡಿಸಿದರು. ವಿಷಯ: 'ನಾನು ಕಂಡ ಯೂರೋಪು'. ಸಭಾಂಗಣ ತುಂಬಿತ್ತು. ಅತ್ತೆ, ಮಾವ ಮುಂದಿನ ಸಾಲಿನಲ್ಲಿ. ಸಭೆ ಆರಂಭವಾಗುವ ಹೊತ್ತಿಗೆ ಗೋಡೆಯ ಮೊಳೆ ಕಿತ್ತುಬಂದು ಭೂಪಟ ಕೆಳಗೆ ಬಿತ್ತು. ಹೆಡ್‌ಮಾಸ್ಟರು ಅತ್ತಿತ್ತ ನೋಡಿ ನನಗೆ ಸನ್ನೆ ಮಾಡಿದರು. ನಾನು ಹೋಗಿ ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲೆತ್ತಿ ಹಿಡಿದು ಅದರ ಹಿಂದೆ ನಿಂತೆ.

ಸಾವಿತ್ರಿ ಒಂದು ಗಂಟೆ ಮಾತಾಡಿದಳು. ಬಹಳ ಚೆನ್ನಾಗಿ ಮಾತಾಡಿದಳು. ನನಗೆ ಭೂಪಟದ ಬೆನ್ನು ಮಾತ್ರ ಕಾಣುತ್ತಿತ್ತು. ಆಲ್ಪ್ಸ್ ಬಂದಾಗ ಅವಳು ಭೂಪಟ ತೋರಿಸುತ್ತಿದ್ದ ಬೆತ್ತ ಸರಿಯಾಗಿ ನನ್ನ ಮೂಗಿನ ಮೇಲೆ ಬೀಳುತ್ತಿತ್ತು.

ಕೊನೆಗೆ ಹೆಡ್‌ಮಾಸ್ಟರು ವಂದನಾರ್ಪಣೆಗೆ ಎದ್ದರು. ಉಪನ್ಯಾಸಕಿಗೆ ವಂದನೆ. ಆಕೆಯ ತಂದೆತಾಯಿಗಳಿಗೆ ವಂದನೆ. ಬೆಂಚು ಜೋಡಿಸಿದವರಿಗೆ ವಂದನೆ. "ಕೊನೆಯದಾಗಿ, ಒಂದು ಗಂಟೆ ಕಾಲ ಅಲ್ಲಾಡದೆ ಭೂಪಟ ಹಿಡಿದು ನಿಂತಿದ್ದ ನಮ್ಮ ಭೂಗೋಳದ ಮೇಷ್ಟರಿಗೂ ವಂದನೆಗಳು!"

ಸಭಾಂಗಣ ಬಿರಿಯುವಂಥ ಚಪ್ಪಾಳೆ. ನನ್ನ ಇಡೀ ಸರ್ವಿಸಿನಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಎರಡೂ ಕೈ ಮೇಲಿದ್ದದ್ದರಿಂದ, ತಿರುಗಿ ಒಂದು ನಮಸ್ಕಾರ ಮಾಡಲಿಕ್ಕೂ ಆಗಲಿಲ್ಲ.